ತತ್ವ, ನೀತಿ, ತಂತ್ರ: ಒಂದು ಪಕ್ಷದೊಳಗೆ ಎಷ್ಟು ಭಿನ್ನಮತಕ್ಕೆ ಜಾಗವಿದೆ?

1999ರ ಮೇ 13. ಜರ್ಮನಿಯ ಬೀಲೆಫೆಲ್ಡ್ ನಗರದಲ್ಲಿ ಗ್ರೀನ್ ಪಕ್ಷದ ವಿಶೇಷ ಅಧಿವೇಶನ. ದೇಶದ ವಿದೇಶಾಂಗ ಸಚಿವರೂ ಪಕ್ಷದ ಅತ್ಯಂತ ಜನಪ್ರಿಯ ನಾಯಕರೂ ಆಗಿದ್ದ ಯೋಷ್ಕಾ ಫಿಷರ್ ಮೇಲೆ ಸಭಾಂಗಣದಲ್ಲಿದ್ದ ಯುದ್ಧವಿರೋಧಿ ಪ್ರತಿಭಟನಾಕಾರರು ಕೆಂಪು ಬಣ್ಣ ತುಂಬಿದ ಚೀಲ ಎಸೆದರು. ಏಟು ಬಲವಾಗಿಯೇ ಬಿತ್ತು, ಕಿವಿಯ ತಮಟೆ ಹರಿಯಿತು. ಬಣ್ಣ ಮೆತ್ತಿಕೊಂಡ ಕೋಟಿನಲ್ಲೇ ಫಿಷರ್ ಮಾತನಾಡಲು ಎದ್ದರು.

1980ರಲ್ಲಿ ಹುಟ್ಟಿದಾಗ ಈ ಪಕ್ಷ ನಾಲ್ಕು ಕಂಬಗಳ ಮೇಲೆ ನಿಂತಿತ್ತು: ಪರಿಸರ, ಸಾಮಾಜಿಕ ನ್ಯಾಯ, ತಳಮಟ್ಟದ ಪ್ರಜಾಪ್ರಭುತ್ವ, ಅಹಿಂಸೆ. 1998ರಲ್ಲಿ ಮೊದಲ ಬಾರಿಗೆ ಕೇಂದ್ರ ಸರ್ಕಾರ ಸೇರಿತು. ಕೆಲವೇ ತಿಂಗಳಲ್ಲಿ, ಕೊಸೊವೊ ಪ್ರಾಂತ್ಯದ ಅಲ್ಬೇನಿಯನ್ನರ ಮೇಲಿನ ದಮನದ ವಿಚಾರವಾಗಿ ಯುಗೊಸ್ಲಾವಿಯಾದ ಮೇಲೆ ನೇಟೊ ಬಾಂಬ್ ದಾಳಿ ಶುರುವಾಯಿತು, ಅದರಲ್ಲಿ ಜರ್ಮನಿಯ ವಿಮಾನಗಳೂ ಇದ್ದವು. ಅಹಿಂಸೆಯ ಕಂಬದ ಮೇಲೆ ನಿಂತ ಪಕ್ಷದ ಸಚಿವನೇ ಯುದ್ಧವನ್ನು ಸಮರ್ಥಿಸಬೇಕಾದ ಸ್ಥಿತಿ. ಫಿಷರ್ ಅಂದು ಹೇಳಿದ್ದು ಇಷ್ಟು: ನಾನು ಎರಡು ತತ್ವಗಳ ಮೇಲೆ ನಿಂತವನು. ಇನ್ನೆಂದೂ ಯುದ್ಧ ಬೇಡ, ಇನ್ನೆಂದೂ ಆಷ್‌ವಿಟ್ಜ್ (ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಶಿಬಿರ) ಬೇಡ. ನನ್ನ ಮಟ್ಟಿಗೆ ಇವೆರಡೂ ಒಂದಕ್ಕೊಂದು ಸೇರಿದವು.

ಅವರು ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಆ ದಿನ ಸಭಾಂಗಣದಲ್ಲಿ ಎದುರುಬದುರಾದ ಎರಡೂ ಕಡೆಯವರು ತಾವೇ ಪಕ್ಷದ ಮೂಲ ತತ್ವಕ್ಕೆ ನಿಷ್ಠರು ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಪಕ್ಷದೊಳಗಿನ ವೈಚಾರಿಕ ವೈವಿಧ್ಯದ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಇಂಥ ಕಡೆ. ತತ್ವನಿಷ್ಠರು ಒಂದು ಕಡೆ, ತತ್ವಗೇಡಿಗಳು ಇನ್ನೊಂದು ಕಡೆ ಎಂದು ಗೆರೆ ಎಳೆಯುವಷ್ಟು ಸುಲಭವಾಗಿ ಇದು ನಮ್ಮ ಮುಂದೆ ಬರುವುದಿಲ್ಲ.

ಸುದ್ದಿಯ ಭಾಷೆಯಲ್ಲಿ ಭಿನ್ನಮತ ಯಾವಾಗಲೂ 'ಸ್ಫೋಟ'ಗೊಳ್ಳುತ್ತದೆ, ಒಗ್ಗಟ್ಟು 'ಪ್ರದರ್ಶನ'ಗೊಳ್ಳುತ್ತದೆ. ಮೊದಲನೆಯದು ರೋಗ, ಎರಡನೆಯದು ಆರೋಗ್ಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದನ್ನು ಒಪ್ಪುವುದು ನನಗೆ ಕಷ್ಟ. ಎಷ್ಟು ಭಿನ್ನಮತ ಇರಬೇಕು ಎಂಬ ಪ್ರಶ್ನೆಯಿಂದ ಹೊರಟರೆ ಉತ್ತರ ಸಿಗುವುದಿಲ್ಲ. ಯಾವುದರ ಬಗ್ಗೆ ಭಿನ್ನಮತ ಎಂದು ಕೇಳಿಕೊಂಡರೆ ದಾರಿ ಕಾಣತೊಡಗುತ್ತದೆ.

ಮೂರು ಪದರಗಳು

ರಾಜಕೀಯ ಪಕ್ಷ ಎಂದರೇನು ಎಂಬುದಕ್ಕೆ ಬ್ರಿಟನ್ನಿನ ರಾಜಕೀಯ ಚಿಂತಕ ಎಡ್ಮಂಡ್ ಬರ್ಕ್ 1770ರಲ್ಲಿ ಕೊಟ್ಟ ವ್ಯಾಖ್ಯೆ ಈಗಲೂ ಚಲಾವಣೆಯಲ್ಲಿದೆ: ಎಲ್ಲರೂ ಒಪ್ಪಿದ ಯಾವುದೋ ಒಂದು ತತ್ವದ ಆಧಾರದ ಮೇಲೆ ದೇಶಹಿತಕ್ಕಾಗಿ ಒಟ್ಟಾಗಿ ದುಡಿಯುವ ಜನರ ಗುಂಪು. 'ಯಾವುದೋ ಒಂದು ತತ್ವ' ಎಂಬ ಮಾತನ್ನು ಗಮನಿಸಿ. ಎಲ್ಲ ವಿಷಯಗಳಲ್ಲೂ ಒಂದೇ ಮನಸ್ಸು ಇರಬೇಕೆಂದು ಬರ್ಕ್ ಹೇಳಲಿಲ್ಲ. ಕೆಲವು ಸಾವಿರ ಜನ ಎಲ್ಲದರಲ್ಲೂ ಒಪ್ಪುವುದು ಸಾಧ್ಯವಿಲ್ಲ, ಕೋಟಿ ಮತ ಬೇಕಾದ ಪಕ್ಷಕ್ಕಂತೂ ಅದರ ಆಸೆಯೂ ಇರಬಾರದು.

ಪಕ್ಷವೊಂದರ ನಿಲುವುಗಳನ್ನು ಮೂರು ಪದರಗಳಾಗಿ ಬಿಡಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ. ತಳದಲ್ಲಿರುವುದು ತತ್ವ: ಈ ಪಕ್ಷ ಏಕೆ ಇದೆ, ಯಾವುದನ್ನು ಕಳೆದುಕೊಂಡರೆ ಇದು ಈ ಪಕ್ಷವಾಗಿ ಉಳಿಯುವುದಿಲ್ಲ. ಅದರ ಮೇಲೆ ನೀತಿ: ಆ ತತ್ವವನ್ನು ಈ ಕಾಲದಲ್ಲಿ, ಈ ದೇಶದಲ್ಲಿ ಜಾರಿಗೆ ತರುವ ಬಗೆ. ಎಲ್ಲಕ್ಕಿಂತ ಮೇಲೆ ತಂತ್ರ: ಯಾರ ಜೊತೆ ಮೈತ್ರಿ, ಯಾವಾಗ ಚುನಾವಣೆ, ಯಾವ ಮಸೂದೆಯನ್ನು ಯಾವಾಗ ಮಂಡಿಸಬೇಕು. ಎಲ್ಲರಿಗೂ ಘನತೆಯ ಬದುಕು ಸಿಗಬೇಕು ಎನ್ನುವುದು ತತ್ವ. ಅದಕ್ಕಾಗಿ ಸರ್ಕಾರಿ ಆಸ್ಪತ್ರೆಗಳನ್ನು ಹೆಚ್ಚಿಸಬೇಕೋ ಎಲ್ಲರಿಗೂ ವಿಮೆ ಮಾಡಿಸಬೇಕೋ ಎನ್ನುವುದು ನೀತಿ. ಅದನ್ನು ಬೆಂಬಲಿಸುವ ಸಣ್ಣ ಪಕ್ಷದ ಜೊತೆ ಸೀಟು ಹಂಚಿಕೊಳ್ಳಬೇಕೇ ಎನ್ನುವುದು ತಂತ್ರ. ಕೆಳಗಿನ ಪದರ ಗಟ್ಟಿಯಾಗಿರಬೇಕು, ಮೇಲೆ ಹೋದಂತೆ ಸಡಿಲ ಹೆಚ್ಚಬೇಕು.

ಹೇಳಲು ಸುಲಭ. ಆದರೆ ಪಕ್ಷಗಳು ಎಡವುವುದೇ ಈ ಪದರಗಳನ್ನು ಕಲಸಿಬಿಡುವುದರಿಂದ. ಬ್ರಿಟನ್ನಿನ ಲೇಬರ್ ಪಕ್ಷ 1918ರಲ್ಲಿ ತನ್ನ ಸಂವಿಧಾನದ ನಾಲ್ಕನೇ ಕಲಮಿನಲ್ಲಿ ಉತ್ಪಾದನಾ ಸಾಧನಗಳು ಸಮುದಾಯದ ಒಡೆತನಕ್ಕೆ ಬರಬೇಕು ಎಂದು ಬರೆದುಕೊಂಡಿತು. ದುಡಿಯುವವನಿಗೆ ನ್ಯಾಯ ಸಿಗಬೇಕು ಎನ್ನುವ ತತ್ವಕ್ಕೆ ಅದು ಒಂದು ದಾರಿ. ಕಾಲಾಂತರದಲ್ಲಿ ದಾರಿಯೇ ಗುರಿಯಾಯಿತು. 1959ರ ಸೋಲಿನ ನಂತರ ಅದನ್ನು ಬದಲಿಸೋಣ ಎಂದ ನಾಯಕ ಹ್ಯೂ ಗೇಟ್ಸ್‌ಕೆಲ್‌ಗೆ ಪಕ್ಷ ಎಷ್ಟು ಬಲವಾಗಿ ತಿರುಗಿಬಿತ್ತೆಂದರೆ ಅವರು ಹಿಂದೆ ಸರಿಯಬೇಕಾಯಿತು. ಅಧಿಕಾರದಲ್ಲಿದ್ದ ಲೇಬರ್ ಸರ್ಕಾರಗಳು ಯಾವತ್ತೂ ಎಲ್ಲವನ್ನೂ ರಾಷ್ಟ್ರೀಕರಿಸಲು ಹೊರಟಿರಲಿಲ್ಲ. ಆದರೂ ಆ ವಾಕ್ಯ ಅಲುಗಲಿಲ್ಲ. 1995ರಲ್ಲಿ ಟೋನಿ ಬ್ಲೇರ್ ವಿಶೇಷ ಸಮ್ಮೇಳನ ಕರೆದು ಅದನ್ನು ಬದಲಿಸುವವರೆಗೂ 77 ವರ್ಷ ಅದು ಅಲ್ಲೇ ಇತ್ತು. ಬದಲಾವಣೆ ಸರಿಯಲ್ಲ ಎಂದು ವಾದಿಸಿದವರ ನೋವು ನನಗೆ ಅರ್ಥವಾಗುತ್ತದೆ. ಅವರ ಪಾಲಿಗೆ ಆ ವಾಕ್ಯ ತಲೆಮಾರುಗಳ ಹೋರಾಟದ ಗುರುತು. ಗುರುತನ್ನು ಅಳಿಸುವಾಗ ಅದರ ಹಿಂದಿನ ತತ್ವವನ್ನೂ ಅಳಿಸುತ್ತಿದ್ದಾರೆ ಎಂಬ ಭಯ ಸಹಜವೇ.

ಈ ವಿಚಾರದಲ್ಲಿ ನನಗೆ ಹೆಚ್ಚು ಕಲಿಸಿದ್ದು ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1959ರ ನವೆಂಬರ್‌ನಲ್ಲಿ ಗೋಡೆಸ್‌ಬರ್ಗ್‌ನಲ್ಲಿ ಒಪ್ಪಿದ ಕಾರ್ಯಕ್ರಮ. ಮಾರ್ಕ್ಸ್‌ವಾದದ ನೆರಳಲ್ಲಿ ಬೆಳೆದ ಪಕ್ಷ ಅದು. ಅಂದು ಅದು ತನ್ನ ಮೂಲ ಮೌಲ್ಯಗಳನ್ನು ಮೂರಕ್ಕೆ ಇಳಿಸಿತು: ಸ್ವಾತಂತ್ರ್ಯ, ನ್ಯಾಯ, ಐಕಮತ್ಯ. ಆರ್ಥಿಕ ನೀತಿಗೆ 'ಸಾಧ್ಯವಾದಷ್ಟು ಸ್ಪರ್ಧೆ, ಅಗತ್ಯವಿದ್ದಷ್ಟು ಯೋಜನೆ' ಎಂಬ ಸೂತ್ರ ಹಾಕಿಕೊಂಡಿತು. ಎಲ್ಲರೂ ನೆನಪಿಡುವುದು ಈ ಸೂತ್ರವನ್ನೇ. ಅದಕ್ಕಿಂತ ಆಳವಾದದ್ದು ಇನ್ನೊಂದಿದೆ. ಪಕ್ಷದ ಬೇರುಗಳು ಕ್ರೈಸ್ತ ನೀತಿಯಲ್ಲಿ, ಮಾನವತಾವಾದದಲ್ಲಿ, ಅಭಿಜಾತ ತತ್ವಶಾಸ್ತ್ರದಲ್ಲಿ ಇವೆ ಎಂದು ಅದು ಹೇಳಿತು, ಪರಮ ಸತ್ಯಗಳನ್ನು ಸಾರುವ ಇರಾದೆ ತನಗಿಲ್ಲ ಎಂದೂ ಹೇಳಿತು. ನೀವು ನ್ಯಾಯವನ್ನು ಬಯಸುತ್ತೀರಿ, ಅಷ್ಟು ಸಾಕು. ಬೈಬಲ್ ಓದಿ ಬಯಸಿದಿರೋ ತತ್ವಜ್ಞಾನಿ ಕಾಂಟ್‌ನನ್ನು ಓದಿ ಬಯಸಿದಿರೋ ಕಾರ್ಖಾನೆಯಲ್ಲಿ ಬೆವರು ಸುರಿಸಿ ಬಯಸಿದಿರೋ ಎಂದು ಪಕ್ಷ ವಿಚಾರಿಸುವುದಿಲ್ಲ.

ಮೌಲ್ಯದಲ್ಲಿ ಒಮ್ಮತ, ಕಾರಣದಲ್ಲಿ ಸ್ವಾತಂತ್ರ್ಯ. ವೈವಿಧ್ಯವನ್ನೂ ತತ್ವವನ್ನೂ ಒಟ್ಟಿಗೆ ಹಿಡಿಯಲು ನಾನು ಕಂಡ ಅತ್ಯುತ್ತಮ ಕೊಂಡಿ ಇದು. ನಂಬುವವನೂ ನಾಸ್ತಿಕನೂ ಒಂದೇ ಮಸೂದೆಗೆ ಮತ ಹಾಕಬಹುದು, ಇಬ್ಬರೂ ತಮ್ಮತನವನ್ನು ಬಾಗಿಲಲ್ಲಿ ಕಳಚಿಟ್ಟು ಬರಬೇಕಾಗಿಲ್ಲ.

ಸ್ಪೇನಿನ ಸಮಾಜವಾದಿ ಪಕ್ಷದಲ್ಲಿ ಇದೇ ಪ್ರಶ್ನೆ ನಾಟಕೀಯವಾಗಿ ಬಗೆಹರಿಯಿತು. 1979ರ ಮೇ ತಿಂಗಳ ಅಧಿವೇಶನ 'ಮಾರ್ಕ್ಸ್‌ವಾದಿ' ಎಂಬ ವಿಶೇಷಣವನ್ನು ಕೈಬಿಡಲು ಒಪ್ಪಲಿಲ್ಲ. ನಾಯಕ ಫೆಲಿಪೆ ಗೊನ್ಸಾಲೆಸ್ ತಮಗೆ ಒಪ್ಪಿಗೆಯಿಲ್ಲದ ವ್ಯಾಖ್ಯೆಯ ಅಡಿಯಲ್ಲಿ ಮುನ್ನಡೆಸಲಾರೆ ಎಂದು ಹುದ್ದೆ ಬಿಟ್ಟರು. ಸೆಪ್ಟೆಂಬರಿನ ವಿಶೇಷ ಅಧಿವೇಶನದಲ್ಲಿ ಪಕ್ಷ ಮನಸ್ಸು ಬದಲಿಸಿತು, ಅವರು ಮರಳಿದರು. ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವರ ಗೆಲುವಲ್ಲ. ಪಕ್ಷ ಒಂದು ಮಾತು ಹೇಳುತ್ತಿರುವಾಗ ತಾನು ಇನ್ನೊಂದನ್ನು ಮಾಡುತ್ತ ಕೂರಲು ನಾಯಕ ಒಪ್ಪಲಿಲ್ಲ, ತೀರ್ಮಾನ ಬಹಿರಂಗ ಅಧಿವೇಶನದಲ್ಲಿ ಆಯಿತು.

ಇಪ್ಪತ್ತೊಂದನೆಯ ತತ್ವ

ನಮ್ಮ ಚರ್ಚೆಗೆ ನೇರವಾಗಿ ಉತ್ತರಿಸಿದ ಪಕ್ಷವೊಂದು ಭಾರತದಲ್ಲೇ ಇತ್ತು. ರಾಜಾಜಿಯವರ ನೇತೃತ್ವದಲ್ಲಿ 1959ರಲ್ಲಿ ಹುಟ್ಟಿದ ಸ್ವತಂತ್ರ ಪಕ್ಷ 21 ಮೂಲತತ್ವಗಳನ್ನು ಪ್ರಕಟಿಸಿತು. ಕೊನೆಯದು ಉಳಿದವುಗಳ ಹಾಗಿರಲಿಲ್ಲ. ಪಕ್ಷದ ಮೂಲತತ್ವಗಳ ಆಚೆಗಿನ ಎಲ್ಲ ವಿಷಯಗಳಲ್ಲಿ ಸದಸ್ಯರಿಗೆ ಅಭಿಪ್ರಾಯ ಸ್ವಾತಂತ್ರ್ಯ ಕೊಟ್ಟರೇನೇ ಪ್ರಜಾಪ್ರಭುತ್ವಕ್ಕೆ ಒಳ್ಳೆಯದು, ಆದ್ದರಿಂದ ಅಂಥ ಎಲ್ಲ ಪ್ರಶ್ನೆಗಳಲ್ಲಿ ನಮ್ಮ ಸದಸ್ಯರು ಪೂರ್ಣ ಸ್ವತಂತ್ರರು ಎಂದು ಅದು ಸಾರಿತು. ಭಿನ್ನಮತದ ಹಕ್ಕನ್ನೇ ಒಂದು ಮೂಲತತ್ವವಾಗಿ ಬರೆದುಕೊಂಡ ಪಕ್ಷ ಅಪರೂಪ. ಅದರ ಆರ್ಥಿಕ ವಿಚಾರಗಳನ್ನು ಒಪ್ಪದವರೂ ಈ ಒಂದು ಸಾಲನ್ನು ಗೌರವದಿಂದ ಓದಬೇಕು ಎಂದು ನನಗನ್ನಿಸುತ್ತದೆ.

1962ರ ಲೋಕಸಭೆಯಲ್ಲಿ ಅದಕ್ಕೆ 18 ಸ್ಥಾನ, 1967ರಲ್ಲಿ 44, 1971ರಲ್ಲಿ 8. 1974ರಲ್ಲಿ ಅದು ಭಾರತೀಯ ಲೋಕದಳದಲ್ಲಿ ಲೀನವಾಯಿತು. ಅಭಿಪ್ರಾಯ ಸ್ವಾತಂತ್ರ್ಯ ಕೊಟ್ಟದ್ದರಿಂದಲೇ ಪಕ್ಷ ಅಳಿಯಿತು ಎನ್ನಲಾಗದು, ಆ ಕುಸಿತಕ್ಕೆ ಬೇರೆ ಹಲವು ಕಾರಣಗಳಿವೆ. ಆದರೆ ಆ ಸಾಲು ಒಂದು ಪ್ರಶ್ನೆಗೆ ಉತ್ತರಿಸದೆ ಉಳಿಯಿತು: ಯಾವುದು ಮೂಲತತ್ವದ ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವವರು ಯಾರು?

ತತ್ವವೇ ಸ್ಪಷ್ಟವಿಲ್ಲದಿದ್ದಾಗ

ಬಾಗಿಲು ವಿಶಾಲವಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡ ಪಕ್ಷಗಳ ಗತಿಯನ್ನೂ ನೋಡಬೇಕು. ಅಮೆರಿಕದ ವಿಗ್ ಪಕ್ಷ ಇಬ್ಬರನ್ನು ಅಧ್ಯಕ್ಷ ಚುನಾವಣೆಯಲ್ಲಿ ಗೆಲ್ಲಿಸಿದ ದೊಡ್ಡ ಪಕ್ಷ. ಉತ್ತರದ ಗುಲಾಮಗಿರಿ ವಿರೋಧಿಗಳೂ ದಕ್ಷಿಣದ ತೋಟಗಳ ಒಡೆಯರೂ ಅದರಲ್ಲಿದ್ದರು. ಒಟ್ಟಿಗೆ ಇರಲು ಅವರು ಕಂಡುಕೊಂಡ ಉಪಾಯವೆಂದರೆ ಗುಲಾಮಗಿರಿಯ ಮಾತನ್ನು ಆದಷ್ಟು ಎತ್ತದಿರುವುದು. 1854ರಲ್ಲಿ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಇರಬೇಕೇ ಎಂಬುದನ್ನು ಅಲ್ಲಿನವರಿಗೇ ಬಿಟ್ಟ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆ ಬಂದು ಆ ಮಾತು ಆಡದೆ ಗತಿಯಿಲ್ಲ ಎನ್ನುವಂತಾದಾಗ ಪಕ್ಷ ಎರಡು ಹೋಳಾಗಿ, ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಅದರ ಉತ್ತರದ ಸದಸ್ಯರಲ್ಲಿ ಬಹಳಷ್ಟು ಜನ ಹೊಸ ರಿಪಬ್ಲಿಕನ್ ಪಕ್ಷಕ್ಕೆ ಹೋದರು. ಅವರಲ್ಲೊಬ್ಬರು ಅಬ್ರಹಾಂ ಲಿಂಕನ್.

ಜನತಾ ಪಕ್ಷದ್ದು ಬೇರೆ ಬಗೆಯ ಕಥೆ. 1977ರಲ್ಲಿ ಸಂಸ್ಥಾ ಕಾಂಗ್ರೆಸ್ (1969ರಲ್ಲಿ ಒಡೆದ ಕಾಂಗ್ರೆಸ್‌ನ ಇಂದಿರಾ ವಿರೋಧಿ ಬಣ), ಲೋಕದಳ, ಜನಸಂಘ, ಸಮಾಜವಾದಿಗಳು ಒಂದೇ ಪಕ್ಷವಾದರು. ಒಟ್ಟುಗೂಡಿಸಿದ್ದು ತುರ್ತುಪರಿಸ್ಥಿತಿಯ ವಿರೋಧ. ಅದು ನಿಜವಾದ, ಉದಾತ್ತವಾದ ಕಾರಣವೇ ಆಗಿತ್ತು, ಅವರಲ್ಲಿ ಅನೇಕರು ಅದಕ್ಕಾಗಿ ಜೈಲಿನಲ್ಲಿದ್ದವರು. ಆದರೆ ವಿರೋಧದ ಮೇಲೆ ಕಟ್ಟಿದ ಒಗ್ಗಟ್ಟಿಗೆ ಒಂದು ಮಿತಿಯಿದೆ: ಎದುರಾಳಿ ಸೋತ ದಿನವೇ ಅದರ ಕೆಲಸ ಮುಗಿಯುತ್ತದೆ. ಆಮೇಲೆ ಏನು ಎಂಬುದಕ್ಕೆ ಒಪ್ಪಿತ ಉತ್ತರ ಇರಲಿಲ್ಲ. ಹಳೆಯ ಜನಸಂಘದವರು ಆರೆಸ್ಸೆಸ್ ಸದಸ್ಯತ್ವವನ್ನೂ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ನಾಯಕರ ನಡುವಿನ ಪೈಪೋಟಿಯೊಂದಿಗೆ ಹೆಣೆದುಕೊಂಡಿತು. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಿತ್ತು, 1980ರ ಏಪ್ರಿಲ್ 6ರಂದು ಹೊರಬಂದವರು ಭಾರತೀಯ ಜನತಾ ಪಕ್ಷ ಕಟ್ಟಿದರು.

'ದ್ವಿಸದಸ್ಯತ್ವ' ಎಂಬ ಆ ಮಾತನ್ನು ಅಲ್ಲಿಗೇ ಬಿಡಬಾರದು, ಇಡೀ ವಿಷಯದ ಸೂಕ್ಷ್ಮ ಅದರಲ್ಲಿದೆ. 1934ರಲ್ಲಿ ಕಾಂಗ್ರೆಸ್ ಒಳಗೇ ಕಾಂಗ್ರೆಸ್ ಸಮಾಜವಾದಿ ಪಕ್ಷ ಹುಟ್ಟಿತು. ಅದಕ್ಕೆ ತನ್ನದೇ ಸದಸ್ಯತ್ವ, ತನ್ನದೇ ಕಾರ್ಯಕ್ರಮ. ಸ್ವಾತಂತ್ರ್ಯ ಬರುವವರೆಗೆ ಕಾಂಗ್ರೆಸ್ ಅದನ್ನು ಸಹಿಸಿತು, ಏಕೆಂದರೆ ಎಲ್ಲರನ್ನೂ ಕಟ್ಟಿದ್ದ ತತ್ವ ಒಂದೇ, ಸ್ವರಾಜ್ಯ. ಅದು ಕೈಗೂಡಿದ ಮೇಲೆ ದೇಶವನ್ನು ಹೇಗೆ ನಡೆಸಬೇಕು ಎಂಬ ಪ್ರಶ್ನೆ ಎದ್ದಿತು. 1948ರಲ್ಲಿ ಕಾಂಗ್ರೆಸ್ ಪ್ರತ್ಯೇಕ ಸಂವಿಧಾನವುಳ್ಳ ಪಕ್ಷಕ್ಕೆ ತನ್ನೊಳಗೆ ಜಾಗವಿಲ್ಲ ಎಂದಿತು, ಸಮಾಜವಾದಿಗಳು ಹೊರನಡೆದರು. ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ 'ಮಿಲಿಟೆಂಟ್' ಎಂಬ ಗುಂಪು ತಾನು ಬರೀ ಪತ್ರಿಕೆಯೊಂದರ ಬೆಂಬಲಿಗರ ಬಳಗ ಎನ್ನುತ್ತಲೇ ಗುಟ್ಟಾಗಿ ಬೇರೆ ಸಂಘಟನೆ ನಡೆಸುತ್ತಿತ್ತು. 1980ರ ದಶಕದಲ್ಲಿ ಅದರ ಮುಖಂಡರನ್ನು ಉಚ್ಚಾಟಿಸಲಾಯಿತು. ಇನ್ನೊಂದು ಕಡೆ ದಕ್ಷಿಣ ಆಫ್ರಿಕದಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಕಮ್ಯುನಿಸ್ಟ್ ಪಕ್ಷ ಎರಡರಲ್ಲೂ ಸದಸ್ಯರಾಗಿರುವುದು ದಶಕಗಳ ಕಾಲ ಒಪ್ಪಿತ ವಿಚಾರವಾಗಿತ್ತು.

ಎರಡು ಸದಸ್ಯತ್ವ ಇದೆಯೋ ಇಲ್ಲವೋ ಎಂದು ಎಣಿಸುತ್ತ ಕೂತರೆ ಈ ನಾಲ್ಕು ಪ್ರಸಂಗಗಳ ನಡುವಿನ ವ್ಯತ್ಯಾಸ ಅರ್ಥವಾಗುವುದಿಲ್ಲ. ಕೇಳಬೇಕಾದದ್ದು ಎರಡು. ಇನ್ನೊಂದು ನಿಷ್ಠೆ ಬಹಿರಂಗವೋ ಗುಟ್ಟೋ? ಎರಡು ಸಂಘಟನೆಗಳ ತೀರ್ಮಾನ ಡಿಕ್ಕಿ ಹೊಡೆದಾಗ ಸದಸ್ಯ ಯಾರ ಮಾತು ಕೇಳುತ್ತಾನೆ? ಬಣ ಇರುವುದು ತಪ್ಪಲ್ಲ. ಪಕ್ಷದೊಳಗೆ ವಾದಿಸಿ ಗೆಲ್ಲಲು ನೋಡುವುದು ಬಣದ ಕೆಲಸ. ಪಕ್ಷದ ಹೆಸರು ಹೊತ್ತು ಹೊರಗಿನ ಆದೇಶ ಪಾಲಿಸಿದರೆ ಅದು ಬಣವಾಗಿ ಉಳಿಯುವುದಿಲ್ಲ.

ವೈವಿಧ್ಯ ಅನ್ನಬಾರದ ವೈವಿಧ್ಯ

ಎಲ್ಲ ಭಿನ್ನಾಭಿಪ್ರಾಯವೂ ಸಮಾನ ಗೌರವಕ್ಕೆ ಅರ್ಹ ಎಂದು ನಾನು ನಂಬುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಮಿಕರೂ ಇದ್ದರು, ಕಪ್ಪು ಜನರಿಗೆ ಮತದಾನದ ಹಕ್ಕೇ ಸಿಗದಂತೆ ನೋಡಿಕೊಳ್ಳುತ್ತಿದ್ದ ದಕ್ಷಿಣದ ನಾಯಕರೂ ಇದ್ದರು. ಎಲ್ಲರನ್ನೂ ಒಳಗೊಳ್ಳುವ ದೊಡ್ಡ ಡೇರೆ ಎಂದು ಅದನ್ನು ಕರೆಯಬಹುದು. ಆದರೆ ಆ ಡೇರೆ ಲಕ್ಷಾಂತರ ಜನರನ್ನು ಹೊರಗಿಟ್ಟೇ ನಿಂತಿತ್ತು. 1948ರ ಸಮಾವೇಶದಲ್ಲಿ ಹ್ಯೂಬರ್ಟ್ ಹಂಫ್ರಿ ನಾಗರಿಕ ಹಕ್ಕುಗಳ ಪರವಾಗಿ ಮಾತನಾಡಿ, ಬಲವಾದ ನಿರ್ಣಯ ಅಂಗೀಕಾರವಾಗುವಂತೆ ಮಾಡಿದರು. ದಕ್ಷಿಣದ ಪ್ರತಿನಿಧಿಗಳಲ್ಲಿ ಕೆಲವರು ಎದ್ದು ಹೋದರು. ಅವರ ಅಭ್ಯರ್ಥಿ ಸ್ಟ್ರಾಮ್ ಥರ್ಮಂಡ್ ಆ ಚುನಾವಣೆಯಲ್ಲಿ ನಾಲ್ಕು ರಾಜ್ಯಗಳನ್ನು ಗೆದ್ದರು. ಆದರೂ ಡೆಮಾಕ್ರಟಿಕ್ ಪಕ್ಷದ ಹ್ಯಾರಿ ಟ್ರೂಮನ್ ಗೆದ್ದು ಅಧ್ಯಕ್ಷರಾಗಿ ಮುಂದುವರಿದರು. ಬಲವಾದ ನಾಗರಿಕ ಹಕ್ಕುಗಳ ಕಾಯ್ದೆ ಬರಲು 1964ರವರೆಗೆ ಕಾಯಬೇಕಾಯಿತು, ಆ ತಡಕ್ಕೆ ಪಕ್ಷದೊಳಗಿನ ಇದೇ 'ಹೊಂದಾಣಿಕೆ'ಯೂ ಕಾರಣ.

ದಕ್ಷಿಣ ಆಫ್ರಿಕದಲ್ಲಿ 1955ರ ಸ್ವಾತಂತ್ರ್ಯ ಸನ್ನದು ಈ ದೇಶ ಇಲ್ಲಿ ಬದುಕುವ ಎಲ್ಲರದೂ, ಕರಿಯರದೂ ಬಿಳಿಯರದೂ ಎಂದು ಹೇಳಿತು. ವರ್ಣಭೇದದ ಕ್ರೌರ್ಯವನ್ನು ದಿನವೂ ಉಣ್ಣುತ್ತಿದ್ದವರಿಗೆ ಆ ಸಾಲನ್ನು ಒಪ್ಪುವುದು ಸುಲಭವಿರಲಿಲ್ಲ. ಅದನ್ನು ಒಪ್ಪದವರು 1959ರಲ್ಲಿ ಹೊರಹೋಗಿ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಕಟ್ಟಿದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ತನ್ನವರನ್ನು ಕಳೆದುಕೊಂಡಿತು, ಸಾಲನ್ನು ಬಿಡಲಿಲ್ಲ. ಯಾರೂ ಅದಕ್ಕಾಗಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲದ ತತ್ವವನ್ನು ತತ್ವ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಿಗಿ ಹೆಚ್ಚಿದಾಗ

ಚರ್ಚೆಯಲ್ಲಿ ಸ್ವಾತಂತ್ರ್ಯ, ಕಾರ್ಯದಲ್ಲಿ ಏಕತೆ. ಲೆನಿನ್ 1906ರಲ್ಲಿ ಮುಂದಿಟ್ಟ ಈ ಸೂತ್ರದಲ್ಲಿ ಮೇಲ್ನೋಟಕ್ಕೆ ತಪ್ಪೇನೂ ಇಲ್ಲ. ಮಾತಾಡುವಾಗ ಮಾತಾಡಿ, ತೀರ್ಮಾನವಾದ ಮೇಲೆ ಒಟ್ಟಿಗೆ ನಡೆಯಿರಿ. ಬಹುತೇಕ ಎಲ್ಲ ಪಕ್ಷಗಳೂ ಬಾಯಿಮಾತಿನಲ್ಲಿ ಒಪ್ಪುವುದು ಇದನ್ನೇ. ಆದರೆ 1921ರ ಮಾರ್ಚ್‌ನಲ್ಲಿ, ಕ್ರೋನ್‌ಸ್ಟಾಟ್‌ನ ನಾವಿಕರು ಬಂಡೆದ್ದಿದ್ದ ದಿನಗಳಲ್ಲಿ, ಬೊಲ್ಶೆವಿಕ್ ಪಕ್ಷದ ಹತ್ತನೆಯ ಕಾಂಗ್ರೆಸ್ ಬಣಗಳನ್ನೇ ನಿಷೇಧಿಸಿತು. ಬಿಕ್ಕಟ್ಟಿನ ಹೊತ್ತಿನ ಆ ಕ್ರಮವನ್ನು ಮತ್ತೆ ಹಿಂತೆಗೆಯಲಿಲ್ಲ. ಅಂದು ಅದನ್ನು ಬೆಂಬಲಿಸಿದ್ದ ಟ್ರಾಟ್‌ಸ್ಕಿಯನ್ನೇ 1927ರ ನವೆಂಬರ್‌ನಲ್ಲಿ ಬಣ ಕಟ್ಟಿದ ಆರೋಪದ ಮೇಲೆ ಪಕ್ಷದಿಂದ ಹೊರಹಾಕಲಾಯಿತು. ಆಮೇಲಿನ ದಶಕದಲ್ಲಿ ಭಿನ್ನಮತಕ್ಕೆ ತೆರಬೇಕಾದ ಬೆಲೆ ಸದಸ್ಯತ್ವದ ಜೊತೆ ಜೀವವೂ ಆಯಿತು.

ಒಟ್ಟಿಗೆ ನಡೆಯಲು ಹೇಳುವುದು ಬೇರೆ, ಗುಂಪುಗೂಡಿ ಬೇರೆ ದಾರಿ ಸೂಚಿಸುವುದನ್ನೇ ಅಪರಾಧ ಮಾಡುವುದು ಬೇರೆ. ಎರಡನೆಯದು ಬಂದ ಕಡೆ ಮೊದಲನೆಯದೂ ಉಳಿಯುವುದಿಲ್ಲ, ಏಕೆಂದರೆ ಒಬ್ಬೊಬ್ಬರಾಗಿ ನಿಂತು ನಾಯಕತ್ವವನ್ನು ಪ್ರಶ್ನಿಸುವ ಧೈರ್ಯ ಬಹಳ ಕಡಿಮೆ ಜನಕ್ಕೆ ಇರುತ್ತದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ವಿವರಿಸಿದಂತೆ, ಸಂಸ್ಥೆಯೊಂದರಲ್ಲಿ ಅತೃಪ್ತರಾದವರ ಮುಂದೆ ಎರಡು ಹಾದಿಗಳಿರುತ್ತವೆ: ದನಿ ಎತ್ತುವುದು ಅಥವಾ ಬಿಟ್ಟು ಹೋಗುವುದು. ದನಿ ಎತ್ತುವ ಹಾದಿ ಮುಚ್ಚಿದರೆ ಬಾಗಿಲಿನ ಕಡೆ ನೂಕುನುಗ್ಗಲು ಶುರುವಾಗುತ್ತದೆ. ಒಳಗೆ ಒಂದು ಮಾತೂ ಕೇಳಿಬರದ ಪಕ್ಷ ಒಂದೇ ರಾತ್ರಿಯಲ್ಲಿ ಒಡೆಯುವುದು ಇದರಿಂದಲೇ.

ನೀತಿಯೊಂದನ್ನು ತತ್ವದ ಮಟ್ಟಕ್ಕೆ ಏರಿಸುವ ಪ್ರಯೋಗವೂ ನಡೆದಿದೆ. 2005ರಲ್ಲಿ ಜಪಾನಿನ ಪ್ರಧಾನಿ ಜುನಿಚಿರೊ ಕೊಯಿಜುಮಿ ಅಂಚೆ ಖಾಸಗೀಕರಣದ ಮಸೂದೆ ತಂದರು. ಅವರದೇ ಲಿಬರಲ್ ಡೆಮಾಕ್ರಟಿಕ್ ಪಕ್ಷದ 37 ಮಂದಿ ಕೆಳಮನೆಯಲ್ಲಿ ವಿರುದ್ಧ ಮತ ಹಾಕಿದರು, ಮೇಲ್ಮನೆಯಲ್ಲಿ ಮಸೂದೆ ಸೋತಿತು. ಕೊಯಿಜುಮಿ ಕೆಳಮನೆ ವಿಸರ್ಜಿಸಿ, ಬಂಡುಕೋರರಿಗೆ ಟಿಕೆಟ್ ನಿರಾಕರಿಸಿ, ಅವರ ವಿರುದ್ಧ ಹೊಸ ಅಭ್ಯರ್ಥಿಗಳನ್ನು ನಿಲ್ಲಿಸಿ 480ರಲ್ಲಿ 296 ಸ್ಥಾನ ಗೆದ್ದರು. ಮುಂದಿನ ವರ್ಷ ಅವರು ಅಧಿಕಾರದಿಂದ ಇಳಿದ ಮೇಲೆ, ಆ ಬಂಡುಕೋರರಲ್ಲಿ 11 ಮಂದಿಯನ್ನು ಪಕ್ಷ ವಾಪಸು ಸೇರಿಸಿಕೊಂಡಿತು. ಅಂಚೆ ಖಾಸಗೀಕರಣ ಪಕ್ಷದ ಅಸ್ತಿತ್ವದ ಪ್ರಶ್ನೆಯೇನೂ ಆಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತೀರ್ಪು ಹೇಳುವವರು ಯಾರು?

ತತ್ವ ಮೀರಿದ್ದಾರೆ ಎಂಬ ಆರೋಪ ಬಂದಾಗ ವಿಚಾರಣೆ ಮಾಡುವವರೂ ಆರೋಪ ಹೊರಿಸಿದವರೂ ಒಬ್ಬರೇ ಆಗಿದ್ದರೆ ಉಳಿದದ್ದೆಲ್ಲ ವ್ಯರ್ಥ. ಜರ್ಮನಿಯ ಸಂವಿಧಾನ ಪಕ್ಷಗಳ ಆಂತರಿಕ ವ್ಯವಸ್ಥೆ ಪ್ರಜಾಸತ್ತಾತ್ಮಕವಾಗಿರಬೇಕು ಎಂದು ವಿಧಿಸುತ್ತದೆ. 1967ರ ಪಕ್ಷಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಸದಸ್ಯನನ್ನು ಉಚ್ಚಾಟಿಸಲು ಆತ ಉದ್ದೇಶಪೂರ್ವಕವಾಗಿ ನಿಯಮ ಮುರಿದಿರಬೇಕು ಅಥವಾ ಪಕ್ಷದ ತತ್ವವನ್ನೋ ಶಿಸ್ತನ್ನೋ ಗಂಭೀರವಾಗಿ ಉಲ್ಲಂಘಿಸಿರಬೇಕು, ಅದರಿಂದ ಪಕ್ಷಕ್ಕೆ ಭಾರಿ ಹಾನಿಯೂ ಆಗಿರಬೇಕು ಎನ್ನುತ್ತದೆ. ತೀರ್ಮಾನಿಸುವುದು ಪಕ್ಷದ ಪಂಚಾಯ್ತಿ ಮಂಡಳಿ, ಕಾರ್ಯಕಾರಿ ಸಮಿತಿಯ ಸದಸ್ಯರು ಅದರಲ್ಲಿ ಕೂರುವಂತಿಲ್ಲ. ವಲಸಿಗರ ಬಗ್ಗೆ, ವಿಶೇಷವಾಗಿ ಮುಸ್ಲಿಮರ ಬಗ್ಗೆ ಬರೆದ ಬರಹಗಳಿಂದ ವಿವಾದಕ್ಕೆ ಸಿಲುಕಿದ ಟಿಲೊ ಜರಾಟ್ಸಿನ್‌ರನ್ನು ಹೊರಹಾಕಲು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಸುಮಾರು ಹತ್ತು ವರ್ಷಗಳೇ ಹಿಡಿದವು. ಮೊದಲ ಯತ್ನಗಳು ಕೈಗೂಡಲಿಲ್ಲ, ಕೊನೆಗೆ 2020ರಲ್ಲಿ ಉಚ್ಚಾಟನೆಯಾಯಿತು. ಈ ನಿಧಾನ ಹಲವರಿಗೆ ಸಿಟ್ಟು ತರಿಸಿತು. ನಾನು ಈ ನಿಧಾನದ ಪರ. ಒಪ್ಪಲಾಗದ ವ್ಯಕ್ತಿಯನ್ನೂ ನಿಯಮದ ಪ್ರಕಾರವೇ ಹೊರಹಾಕುವ ಪಕ್ಷದಲ್ಲಿ, ನಾಳೆ ನಾಯಕನಿಗೆ ಇಷ್ಟವಾಗದ ಸತ್ಯ ಹೇಳುವ ಸದಸ್ಯನಿಗೂ ಅದೇ ನಿಯಮದ ರಕ್ಷಣೆ ಇರುತ್ತದೆ.

1969ರ ಕಾಂಗ್ರೆಸ್ ಒಡಕನ್ನು ಈ ಬೆಳಕಿನಲ್ಲಿ ನೋಡಿ. ಜುಲೈನಲ್ಲಿ ಬೆಂಗಳೂರಿನ ಅಧಿವೇಶನದ ಹೊತ್ತಿಗೆ ರಾಷ್ಟ್ರಪತಿ ಅಭ್ಯರ್ಥಿ ಯಾರು ಎಂಬ ಜಗಳ, ಅದರ ಬೆನ್ನಿಗೇ 14 ಬ್ಯಾಂಕುಗಳ ರಾಷ್ಟ್ರೀಕರಣ, ಆಗಸ್ಟ್‌ನಲ್ಲಿ ಇಂದಿರಾ ಗಾಂಧಿಯವರಿಂದ 'ಆತ್ಮಸಾಕ್ಷಿಯ ಮತ'ದ ಕರೆ. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತರು, ವಿ.ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದರು. ಒಂದು ಕಡೆಯವರು ಇದನ್ನು ಸಮಾಜವಾದದ ಹೋರಾಟ ಎಂದರು, ಇನ್ನೊಂದು ಕಡೆಯವರು ಪಕ್ಷದ ಶಿಸ್ತಿನ ಪ್ರಶ್ನೆ ಎಂದರು. ತತ್ವವೂ ಅಧಿಕಾರದ ಪೈಪೋಟಿಯೂ ಇಷ್ಟು ಗಂಟು ಬಿದ್ದಾಗ ಬಿಡಿಸಿ ನೋಡಲು ನಾನು ಬಳಸುವ ಒರೆಗಲ್ಲು ಒಂದೇ: ಅದೇ ತಪ್ಪನ್ನು ನಾಯಕನ ಆಪ್ತ ಮಾಡಿದ್ದರೆ ಅದೇ ಶಿಕ್ಷೆ ಆಗುತ್ತಿತ್ತೇ? ಇಲ್ಲ ಎಂದಾದರೆ ಅಲ್ಲಿ ಕಾಪಾಡುತ್ತಿರುವುದು ತತ್ವವನ್ನಲ್ಲ. ಶಿಸ್ತಿಗೆ ಸದಸ್ಯರನ್ನು ಕರೆಯುತ್ತಿದ್ದ ಗುಂಪಿಗೂ, ಮುಂದೆ ಗೆದ್ದು ಹೊಸ ಹೈಕಮಾಂಡ್ ಆದ ಗುಂಪಿಗೂ ಈ ಪ್ರಶ್ನೆ ಸಮನಾಗಿ ಅನ್ವಯಿಸುತ್ತದೆ.

ಶಾಸನಸಭೆಯೊಳಗೆ ಈ ಎಲ್ಲದರ ಹರಿತ ಅಂಚು ವಿಪ್, ಅಂದರೆ ಹೀಗೆಯೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಸೂಚನೆ. ಬ್ರಿಟನ್ನಿನಲ್ಲಿ ವಿಪ್ ಸೂಚನೆಯಲ್ಲಿ ಒಂದು, ಎರಡು, ಮೂರು ಗೆರೆಗಳಿರುತ್ತವೆ. ಮೂರು ಗೆರೆ ಎಂದರೆ ಬರಲೇಬೇಕು, ಪಕ್ಷದ ಪರವೇ ಮತ ಹಾಕಬೇಕು. ಗಲ್ಲುಶಿಕ್ಷೆಯಂಥ ಆತ್ಮಸಾಕ್ಷಿಯ ವಿಷಯಗಳಲ್ಲಿ ಗೆರೆಯೇ ಇಲ್ಲದ ಮುಕ್ತ ಮತದಾನದ ರೂಢಿಯಿದೆ. 1965ರಲ್ಲಿ ಕೊಲೆಗೆ ಮರಣದಂಡನೆ ರದ್ದಾದದ್ದು ಹಾಗೆಯೇ. 1975ರಲ್ಲಿ ಯುರೋಪಿನ ಸಮುದಾಯದಲ್ಲಿ ಉಳಿಯಬೇಕೇ ಎಂಬ ಜನಮತಗಣನೆಯಾದಾಗ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಚಿವರಿಗೇ ಸರ್ಕಾರದ ನಿಲುವಿನ ವಿರುದ್ಧ ಪ್ರಚಾರ ಮಾಡಲು ಅವಕಾಶ ಕೊಟ್ಟರು. ಟೋನಿ ಬೆನ್, ಬಾರ್ಬರಾ ಕ್ಯಾಸಲ್, ಮೈಕೆಲ್ ಫುಟ್ ವಿರೋಧಿಸಿದರು, ಸಂಪುಟ ಉಳಿಯಿತು. ಇದು ಗಾಯವನ್ನು ಮಾಯಿಸಲಿಲ್ಲ, ಕಾಲಾವಕಾಶ ಕೊಟ್ಟಿತು ಅಷ್ಟೆ. 1981ರಲ್ಲಿ ಲೇಬರ್ ಪಕ್ಷ ಒಡೆದಾಗ ಯುರೋಪ್ ಕೂಡ ಒಂದು ಕಾರಣವಾಗಿತ್ತು.

ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ವಿಪ್‌ಗೆ ಸಂವಿಧಾನದ ಬಲವನ್ನೇ ಕೊಟ್ಟಿದೆ, ಉಲ್ಲಂಘಿಸಿದರೆ ಸದಸ್ಯತ್ವವೇ ಹೋಗಬಹುದು. ದುಡ್ಡಿಗೂ ಹುದ್ದೆಗೂ ಪಕ್ಷ ಬದಲಿಸುವ ಪಿಡುಗಿಗೆ ಮದ್ದಾಗಿ ಬಂದ ಕಾನೂನು ಅದು, ಆ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಲಂಚಕ್ಕೆ ಮಾರಿಹೋದ ಮತವನ್ನೂ ಮನಸ್ಸಾಕ್ಷಿಗೆ ಬದ್ಧವಾದ ಮತವನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 1990ರಲ್ಲಿ ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ ಅನರ್ಹತೆಯನ್ನು ವಿಶ್ವಾಸಮತ, ಅವಿಶ್ವಾಸಮತದಂಥ ಸಂದರ್ಭಗಳಿಗೆ ಸೀಮಿತಗೊಳಿಸಬೇಕು ಎಂದಿತು. ಸುಪ್ರೀಂ ಕೋರ್ಟ್ 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಕಾನೂನನ್ನು ಎತ್ತಿಹಿಡಿಯುತ್ತಲೇ, ಅನರ್ಹತೆ ತರುವ ವಿಪ್ ಸರ್ಕಾರದ ಅಳಿವು ಉಳಿವಿನ ಮತಕ್ಕೆ ಅಥವಾ ಪಕ್ಷ ಯಾವ ನೀತಿ, ಕಾರ್ಯಕ್ರಮದ ಮೇಲೆ ಜನರ ಮುಂದೆ ಹೋಗಿತ್ತೋ ಅದರ ಅವಿಭಾಜ್ಯ ಭಾಗವಾದ ವಿಷಯಕ್ಕೆ ಮಾತ್ರ ಇರುವುದು ಸೂಕ್ತ ಎಂದಿತು. ಮತದಾರನಿಗೆ ಕೊಟ್ಟ ಮಾತಿಗೆ ಬಿಗಿ, ಉಳಿದದ್ದಕ್ಕೆ ಸಡಿಲ. ತತ್ವಕ್ಕೂ ಭಿನ್ನಮತಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅಳತೆ ನನಗೆ ಗೊತ್ತಿಲ್ಲ. ಪ್ರಣಾಳಿಕೆಯಲ್ಲೇ ಇಲ್ಲದ ಸಾಮಾನ್ಯ ಮಸೂದೆಗೂ ಕಟ್ಟುನಿಟ್ಟಿನ ವಿಪ್ ಜಾರಿಯಾಗುವ ಪದ್ಧತಿ ಮಾತ್ರ ಬದಲಾಗಲಿಲ್ಲ.

ಮತ್ತೆ ಜರ್ಮನಿಯ ಗ್ರೀನ್ ಪಕ್ಷಕ್ಕೆ ಬರೋಣ. ಬೀಲೆಫೆಲ್ಡ್‌ನಲ್ಲಿ ದಾಳಿಯನ್ನು ಬೇಷರತ್ತಾಗಿ ನಿಲ್ಲಿಸಿ ಎಂಬ ಬೇಡಿಕೆ ಸೋತು, ಸ್ವಲ್ಪ ಕಾಲದ ವಿರಾಮ ಕೇಳುವ ನಿರ್ಣಯ ಬಹುಮತ ಪಡೆಯಿತು. ಸೋತವರ ಮುಂಚೂಣಿಯಲ್ಲಿ ಹಾನ್ಸ್-ಕ್ರಿಸ್ಟಿಯಾನ್ ಸ್ಟ್ರೋಬೆಲೆ ಎಂಬ ಹಿರಿಯ ಸದಸ್ಯರಿದ್ದರು. ಅವರು ಪಕ್ಷ ಬಿಡಲಿಲ್ಲ, ಪಕ್ಷ ಅವರನ್ನು ಬಿಡಲಿಲ್ಲ. 2001ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಕಾರ್ಯಾಚರಣೆಗೆ ಸೈನಿಕರನ್ನು ಕಳಿಸುವ ಪ್ರಸ್ತಾವಕ್ಕೆ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ವಿಶ್ವಾಸಮತವನ್ನೇ ಜೋಡಿಸಿದರು. ವಿರೋಧಿಸಿದರೆ ಸರ್ಕಾರ ಬೀಳುತ್ತದೆ, ಒಪ್ಪಿದರೆ ಮನಸ್ಸಾಕ್ಷಿ ಒಪ್ಪುವುದಿಲ್ಲ. ಗ್ರೀನ್ ಪಕ್ಷದಲ್ಲಿ ಯುದ್ಧ ವಿರೋಧಿಸುತ್ತಿದ್ದ ಸಂಸದರು ಎಂಟು ಮಂದಿ. ಅವರು ತಮ್ಮ ಮತಗಳನ್ನು ಹಂಚಿಕೊಂಡರು: ನಾಲ್ವರು ಪರ, ನಾಲ್ವರು ವಿರುದ್ಧ. ಬೇಕಿದ್ದದ್ದು 334 ಮತ, ಬಂದದ್ದು 336. ಸರ್ಕಾರ ಉಳಿಯಿತು, ವಿರೋಧವೂ ದಾಖಲಾಯಿತು.

ವಿರುದ್ಧ ಮತ ಹಾಕಿದ ನಾಲ್ವರಲ್ಲಿ ಸ್ಟ್ರೋಬೆಲೆ ಒಬ್ಬರು. ಮರುವರ್ಷದ ಚುನಾವಣೆಗೆ ಪಕ್ಷದ ಪಟ್ಟಿಯಲ್ಲಿ (ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಪಟ್ಟಿಯ ಮೇಲಿನವರು ಸಂಸತ್ತಿಗೆ ಹೋಗುತ್ತಾರೆ) ಅವರಿಗೆ ಗೆಲ್ಲುವಂಥ ಜಾಗ ಸಿಗಲಿಲ್ಲ. ಬರ್ಲಿನ್ನಿನ ಕ್ಷೇತ್ರವೊಂದರಲ್ಲಿ ನೇರ ಸ್ಪರ್ಧೆಗೆ ಇಳಿದು, ಸ್ಟ್ರೋಬೆಲೆಗೆ ಮತ ಕೊಡುವುದೆಂದರೆ ಫಿಷರ್‌ಗೆ ಕಾಟ ಕೊಡುವುದು ಎಂದು ಪ್ರಚಾರ ಮಾಡಿದರು. ಕ್ಷೇತ್ರವೊಂದನ್ನು ನೇರವಾಗಿ ಗೆದ್ದು ಜರ್ಮನಿಯ ಸಂಸತ್ತಿಗೆ ಹೋದ ಮೊದಲ ಗ್ರೀನ್ ಸದಸ್ಯ ಅವರಾದರು, 2017ರವರೆಗೂ ಅದೇ ಪಕ್ಷದ ಬೆಂಚಿನಲ್ಲಿ ಕೂತರು.